ಚೆಂಡು ಕಳೆದುಕೊಳ್ಳುವುದಾದರೆ ಎಲ್ಲಿ?

ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಈಗಿನ ಫುಟ್‌ಬಾಲ್ ನೋಡಿದರೆ ನಿದ್ದೆ ಬರುತ್ತದೆ. ಗೋಲಿಯಿಂದ, ಅಂದರೆ ಗೋಲ್‌ಕೀಪರ್‌ನಿಂದ, ಹಿಂದೆ ನಿಂತ ಬ್ಯಾಕಿಗೆ, ಬ್ಯಾಕಿನಿಂದ ಇನ್ನೊಬ್ಬ ಬ್ಯಾಕಿಗೆ, ತಿರುಗಿ ಗೋಲಿಗೆ. ನಮ್ಮ ಕಾಲದಲ್ಲಿ ಚೆಂಡು ವಿಂಗಿಗೆ ಹೋದರೆ ಕ್ರಾಸ್, ಕ್ರಾಸ್ ಬಂದರೆ ಹೆಡ್. ನಾನು ಕೇರಳ ಬ್ಲಾಸ್ಟರ್ಸ್ ಕಡೆ. ತಂಗಿಯ ಮಗ ಬೆಂಗಳೂರು ಎಫ್‌ಸಿ. 'ಮಾವ, ಪೊಸೆಷನ್ ಯಾರದ್ದೋ ಮ್ಯಾಚ್ ಅವರದ್ದು' ಅಂತ ಅವನ ವಾದ. ಅಂದರೆ ಚೆಂಡು ಹೆಚ್ಚು ಹೊತ್ತು ಯಾರ ಬಳಿಯೋ ಅವರೇ ಗೆಲ್ಲುವುದಂತೆ. ಊರಿನ ಕ್ಲಬ್ಬಿನ ಕೋಚ್ ಕೂಡ ಸಣ್ಣ ಮಕ್ಕಳಿಗೆ ಇದನ್ನೇ ಕಲಿಸಿ ಮೊನ್ನೆ ಮೂರು ಗೋಲು ತಿನ್ನಿಸಿದರು. ಇದರ ವಿರುದ್ಧ ನೀವು ಬರೆಯಬೇಕು. ಯಾರು ಸರಿ ಅಂತಲೂ ಹೇಳಬೇಕು."

ಸಂಪಾದಕರ ಉತ್ತರ:

ನಮಸ್ಕಾರ. ಹೆಸರು ಹಾಕಬೇಡಿ ಎಂದು ಕೊನೆಯಲ್ಲಿ ಅಡಿಗೆರೆ ಎಳೆದು ಬರೆದಿದ್ದೀರಿ. ಹಾಕಿಲ್ಲ. ಬ್ಲಾಸ್ಟರ್ಸ್, ಬೆಂಗಳೂರು ಎರಡೂ ಒಂದೇ ಮನೆಯಲ್ಲಿದ್ದರೆ ಏನಾಗುತ್ತದೆ ಎಂದು ಕಾಸರಗೋಡಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1956ರಲ್ಲಿ ಕೇರಳಕ್ಕೂ ಕರ್ನಾಟಕಕ್ಕೂ ನಡುವೆ ಎಳೆದ ಗಡಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದ ಕೂಡಲೇ ಟಿವಿ ಎದುರಿನ ಸೋಫಾದ ನಡುವೆ ಹಾದುಹೋಗುತ್ತದೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಸುನಿಲ್ ಛೆಟ್ರಿ, ಬ್ಲಾಸ್ಟರ್ಸ್ ಸಿದ್ಧವಾಗುವ ಮೊದಲೇ, ಗಡಿಬಿಡಿಯಲ್ಲಿ ಹೊಡೆದ ಫ್ರೀ ಕಿಕ್ ಗೋಲಾಯಿತು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆಯಿತು. ಆ ರಾತ್ರಿಯ ಸುದ್ದಿ ಎತ್ತಿದರೆ ಈಗಲೂ ಕೆಲವು ಮನೆಗಳಲ್ಲಿ ಮಾತು ನಿಲ್ಲುತ್ತದೆ. ಹಾಗಾಗಿ ಅದರ ತಂಟೆಗೆ ನಾನು ಹೋಗುವುದಿಲ್ಲ.

ಮೊದಲು ನಿಮ್ಮ ಸೋದರಳಿಯನ ವಾದ ನೋಡೋಣ. ಅದು ತಪ್ಪು. 2022ರ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ಜಪಾನಿನ ಬಳಿ ಚೆಂಡು ಇದ್ದದ್ದು ಶೇ. 20ಕ್ಕಿಂತಲೂ ಕಡಿಮೆ ಹೊತ್ತು. ಗೆದ್ದದ್ದು ಜಪಾನ್, 2-1. ಅದಾಗಿ ಐದೇ ದಿನಕ್ಕೆ ಅದೇ ಸ್ಪೇನ್ ಮೊರೊಕ್ಕೊ ಎದುರು ಸಾವಿರಕ್ಕೂ ಹೆಚ್ಚು ಪಾಸ್ ಕೊಟ್ಟಿತು. 120 ನಿಮಿಷ ಆಡಿದರೂ ಗೋಲಿಲ್ಲ. ಪೆನಾಲ್ಟಿ ಹೊಡೆಯಲು ಬಂದ ಮೂವರಲ್ಲಿ ಒಬ್ಬನೂ ಗೋಲು ಹಾಕಲಿಲ್ಲ. 2018ರಲ್ಲಿ ರಷ್ಯಾ ವಿರುದ್ಧವೂ ಇದೇ ಕಥೆ. ಅಲ್ಲೂ ಸಾವಿರ ದಾಟಿದ ಪಾಸ್, ಅಲ್ಲೂ ಪೆನಾಲ್ಟಿಯಲ್ಲಿ ಸೋತು ಮನೆಗೆ. ಅವನದೇ ತಂಡದ ಒಂದು ಉದಾಹರಣೆಯೂ ಇದೆ, ಬೇಕಾದರೆ ಊಟದ ಹೊತ್ತಿಗೆ ತೆಗೆಯಿರಿ. 2019ರಲ್ಲಿ ಬೆಂಗಳೂರು ಐಎಸ್‌ಎಲ್ ಕಪ್ ಎತ್ತಿದ್ದು ಯಾರನ್ನು ಸೋಲಿಸಿ? ಕೋಚ್ ಲೊಬೇರಾ ಅವರ ಗೋವಾ ತಂಡವನ್ನು. ಆಗ ಐಎಸ್‌ಎಲ್‌ನಲ್ಲಿ ಪಾಸ್ ಆಟ ಅಂದರೆ ಗೋವಾ ಎಂಬ ಮಾತಿತ್ತು. ಹೆಚ್ಚುವರಿ ಆಟದ ಕೊನೆಯಲ್ಲಿ, 117ನೇ ನಿಮಿಷಕ್ಕೆ, ಒಂದು ಕಾರ್ನರ್. ರಾಹುಲ್ ಭೇಕೆ ಹೆಡ್ ಮಾಡಿದರು. ಅಷ್ಟೇ.

ನೀವು ಈಗ ನಗುತ್ತಿರಬಹುದು. ಸ್ವಲ್ಪ ತಡೆಯಿರಿ.

ನಿಮ್ಮ ಮಾತನ್ನು ನಿಮಗಿಂತ ಎಷ್ಟೋ ಮೊದಲು ಲೆಕ್ಕ ಸಮೇತ ಹೇಳಿದವರೊಬ್ಬರಿದ್ದರು. ಇಂಗ್ಲೆಂಡಿನ ಚಾರ್ಲ್ಸ್ ರೀಪ್. ಅಲ್ಲಿನ ವಾಯುಪಡೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಅಧಿಕಾರಿ. 1950ರ ಮಾರ್ಚ್‌ನಲ್ಲಿ ಸ್ವಿಂಡನ್ ಟೌನ್ ತಂಡದ ಮ್ಯಾಚ್ ನೋಡಲು ಹೋಗಿದ್ದರು. ಮೊದಲರ್ಧ ನೋಡಿ ಬೇಸತ್ತು, ಪುಸ್ತಕ ಪೆನ್ಸಿಲ್ ತೆಗೆದು ಪ್ರತಿಯೊಂದು ದಾಳಿಯನ್ನೂ ಬರೆದುಕೊಳ್ಳತೊಡಗಿದರು. ಹಾಗೆ ವರ್ಷಗಟ್ಟಲೆ ಬರೆದದ್ದು 1968ರಲ್ಲಿ ಒಂದು ಪ್ರಬಂಧವಾಗಿ ಬಂತು. ಅದರಲ್ಲಿ ಕಂಡದ್ದು ಇದು: ಸುಮಾರು ಶೇ. 80ರಷ್ಟು ಗೋಲುಗಳು ಮೂರು ಪಾಸ್ ಅಥವಾ ಅದಕ್ಕಿಂತ ಕಡಿಮೆ ಪಾಸಿನಲ್ಲಿ ಬರುತ್ತವೆ. ಹಾಗಾದರೆ ಹತ್ತು ಪಾಸ್ ಯಾಕೆ, ಎತ್ತಿ ಮುಂದಕ್ಕೆ ಹೊಡೆಯಿರಿ ಅಂತ ಅಲ್ಲಿನವರು ಹೊರಟರು. ಬಹಳ ಕಾಲ ಕೋಚ್‌ಗಳಿಗೆ ಪಾಠವೂ ಇದೇ ಆಯಿತು.

ಆದರೆ ಈ ಲೆಕ್ಕದೊಳಗೇ ಒಂದು ತೂತಿದೆ. ಫುಟ್‌ಬಾಲ್‌ನಲ್ಲಿ ಶೇ. 90ಕ್ಕೂ ಹೆಚ್ಚು ಮೂವ್‌ಗಳು ಮೂರು ಪಾಸ್ ದಾಟುವುದೇ ಇಲ್ಲ. ಅಷ್ಟರಲ್ಲಿ ಚೆಂಡು ಹೋಗಿರುತ್ತದೆ. ಅಂದರೆ ನೂರರಲ್ಲಿ ತೊಂಬತ್ತು ಸಲ ಮಾಡಿದ್ದಕ್ಕೆ ಸಿಕ್ಕಿದ್ದು ಎಂಬತ್ತು ಪಾಲು ಗೋಲು. ಉಳಿದ ಹತ್ತು ಸಲಕ್ಕೂ ಕಡಿಮೆ ಮಾಡಿದ್ದಕ್ಕೆ ಇಪ್ಪತ್ತು ಪಾಲು. ಯಾವ ವ್ಯಾಪಾರ ಲಾಭದ್ದು, ನೀವೇ ಹೇಳಿ. 2005ರಲ್ಲಿ ಹ್ಯೂಸ್ ಮತ್ತು ಫ್ರಾಂಕ್ಸ್ ಎಂಬ ಇಬ್ಬರು 1990 ಮತ್ತು 1994ರ ವಿಶ್ವಕಪ್ ಪಂದ್ಯಗಳನ್ನು ಇಟ್ಟುಕೊಂಡು ಈ ಲೆಕ್ಕ ತಿದ್ದಿದರು. ಉದ್ದದ ಪಾಸ್ ಸರಣಿಗೇ ಗೋಲಿನ ಪ್ರಮಾಣ ಜಾಸ್ತಿ ಬಂತು. ಆದರೆ ಹೊಡೆದ ಶಾಟ್ ಗೋಲಾಗುವ ಪ್ರಮಾಣ ಮಾತ್ರ ನೇರ ದಾಳಿಯಲ್ಲೇ ಚೆನ್ನಾಗಿತ್ತು. ಅದರಲ್ಲಿ ಆಶ್ಚರ್ಯ ಇಲ್ಲ. ಬೇಗ ಹೋದರೆ ಎದುರಾಳಿ ಬ್ಯಾಕ್‌ಗಳು ಇನ್ನೂ ಓಡಿ ಬರುತ್ತಿರುತ್ತಾರೆ. ನಿಧಾನಕ್ಕೆ ಹೋದರೆ ಎಂಟು ಮಂದಿ ಗೋಲಿನೆದುರಿನ ಬಾಕ್ಸಿನಲ್ಲಿ ಗೋಡೆ ಕಟ್ಟಿ ನಿಂತಿರುತ್ತಾರೆ.

ಈಗ ನನಗೆ ಹೇಳಬೇಕಾದ ಮಾತಿಗೆ ಬರುತ್ತೇನೆ. ನೀವಿಬ್ಬರೂ ಚೆಂಡು ಇಟ್ಟುಕೊಳ್ಳುವ ಬಗ್ಗೆ ಜಗಳ ಆಡುತ್ತೀರಿ. ನಾನು ನೋಡುವುದು ಚೆಂಡು ಕಳೆದುಕೊಳ್ಳುವುದನ್ನು. ಎಷ್ಟೇ ದೊಡ್ಡ ತಂಡ ಆಗಲಿ, ಒಂದು ಮ್ಯಾಚಿನಲ್ಲಿ ಮತ್ತೆ ಮತ್ತೆ ಚೆಂಡು ಕಳೆದುಕೊಳ್ಳುತ್ತದೆ. ಎಲ್ಲಿ ಕಳೆದುಕೊಂಡರೆ ಕಡಿಮೆ ನಷ್ಟ ಎಂಬುದೇ ಕೋಚ್‌ನ ತಲೆನೋವು. ಎತ್ತಿ ಹೊಡೆಯುವವರ ಉತ್ತರ ಇದು: ಹೋಗುವುದಾದರೆ ಅವರ ಗೋಲಿನ ಹತ್ತಿರ ಹೋಗಲಿ, ನಮ್ಮ ಹತ್ತಿರ ಬೇಡ. ಅಲ್ಲಿ ಯಾರಿಗೂ ದಕ್ಕದೆ ಸಿಡಿದು ಬಿದ್ದ ಸೆಕೆಂಡ್ ಬಾಲಿಗೆ ನಮ್ಮವರು ಮುಗಿಬೀಳಲಿ. ಪಾಸ್ ಆಡುವವರ ಉತ್ತರ ಬೇರೆ: ಚೆಂಡಿನ ಸುತ್ತ ನಮ್ಮವರೇ ನಾಲ್ಕೈದು ಜನ ಇರುವಾಗ ಹೋಗಲಿ, ಹೋದ ಕ್ಷಣಕ್ಕೇ ಮುತ್ತಿ ಕಿತ್ತುಕೊಳ್ಳೋಣ. ಕೋಚ್ ಗಾರ್ಡಿಯೋಲಾ ಅವರ ಬಾರ್ಸಿಲೋನಾ ಪಾಸಿಗೆ ಹೆಸರಾಯಿತು. ಆದರೆ ಚೆಂಡು ಹೋದ ಮೇಲಿನ ಐದಾರು ಸೆಕೆಂಡು ಅವರು ಹೇಗೆ ಓಡುತ್ತಿದ್ದರು ಅಂತ ನೋಡಿದವರಿಗೆ ಆ ತಂಡದ ಗುಟ್ಟು ಅಲ್ಲೇ ಇತ್ತು ಎಂದು ಗೊತ್ತು.

ಸ್ಪೇನ್ 2010ರಲ್ಲಿ ವಿಶ್ವಕಪ್ ಗೆದ್ದಾಗ ಏಳು ಮ್ಯಾಚಿನಲ್ಲಿ ಹಾಕಿದ ಗೋಲು ಎಂಟೇ. ತಿಂದದ್ದು ಎರಡು. ನಾಕೌಟಿನ ನಾಲ್ಕೂ ಮ್ಯಾಚ್ 1-0. ಅವರ ಪಾಸ್ ಆಟ ದಾಳಿಗಿಂತ ಹೆಚ್ಚಾಗಿ ಡಿಫೆನ್ಸ್ ಆಗಿತ್ತು. ಚೆಂಡು ನಮ್ಮಲ್ಲಿದ್ದರೆ ಅವರಿಗೆ ಗೋಲು ಹಾಕಲಿಕ್ಕೆ ಆಗುವುದಿಲ್ಲ ಅಲ್ವಾ? ಅದು ನಿಮಗೆ ಬೋರಾಯಿತು ಎಂದರೆ ನಾನು ಇಲ್ಲ ಎನ್ನುವುದಿಲ್ಲ. ನನಗೂ ಆ ಸಲದ ಕೆಲವು ಮ್ಯಾಚ್ ಬೋರಾಗಿತ್ತು. ಅದೇ ಸ್ಪೇನ್ 2024ರ ಯೂರೋ ಕಪ್‌ನಲ್ಲಿ ಎರಡು ವಿಂಗಿಗೆ ಲಮೀನ್ ಯಮಾಲ್, ನಿಕೊ ವಿಲಿಯಮ್ಸ್ ಅವರನ್ನು ಹಾಕಿತು. ಮೊದಲ ಮ್ಯಾಚಿನಲ್ಲಿ ಚೆಂಡು ಜಾಸ್ತಿ ಇದ್ದದ್ದು ಕ್ರೊವೇಷಿಯಾದ ಬಳಿ. ಫಲಿತಾಂಶ 3-0, ಸ್ಪೇನ್‌ಗೆ. ಏಳಕ್ಕೆ ಏಳೂ ಗೆದ್ದು ಕಪ್ ತಂದಿತು.

ನಿಮಗೆ ಕೋಪ ಬರಿಸುವ ಆ ಗೋಲಿ-ಬ್ಯಾಕ್ ಪಾಸಿನ ಬಗ್ಗೆ ಸ್ವಲ್ಪ ಹತ್ತಿರದಿಂದ ನೋಡೋಣ. 2019ರವರೆಗೆ ಗೋಲ್ ಕಿಕ್, ಅಂದರೆ ಗೋಲಿನ ಎದುರಿನಿಂದ ಆಟ ಮತ್ತೆ ಶುರುಮಾಡುವ ಹೊಡೆತ, ಪೆನಾಲ್ಟಿ ಬಾಕ್ಸಿನಿಂದ ಹೊರಗೆ ಬಂದ ಮೇಲೇ ಇನ್ನೊಬ್ಬ ಮುಟ್ಟಬೇಕಿತ್ತು. ಆ ವರ್ಷ ನಿಯಮ ಬದಲಾಯಿತು. ಈಗ ಬಾಕ್ಸಿನ ಒಳಗೇ ಬ್ಯಾಕ್ ಆಟಗಾರ ಪಾಸ್ ತೆಗೆದುಕೊಳ್ಳಬಹುದು. ಎಲ್ಲರೂ ಅಲ್ಲಿಂದಲೇ ಆಟ ಕಟ್ಟಲು ಶುರುಮಾಡಿದರು. 2022-23ರಲ್ಲಿ ಡಿ ಜೆರ್ಬಿ ಕೋಚ್ ಆಗಿ ಬಂದ ಮೇಲಿನ ಇಂಗ್ಲೆಂಡಿನ ಬ್ರೈಟನ್ ತಂಡದ ಮ್ಯಾಚ್ ಒಂದು ಸಿಕ್ಕಿದರೆ ನೋಡಿ. ಅವರ ಬ್ಯಾಕ್ ಆಟಗಾರ ಚೆಂಡಿನ ಮೇಲೆ ಬೂಟಿನ ಅಡಿ ಇಟ್ಟು ಸುಮ್ನೆ ನಿಂತುಬಿಡುತ್ತಾನೆ. ಓಡುವುದಿಲ್ಲ, ಪಾಸ್ ಕೊಡುವುದಿಲ್ಲ. ಗ್ಯಾಲರಿಯವರು ಬೊಬ್ಬೆ ಹಾಕುತ್ತಾರೆ. ಎದುರಾಳಿ ಫಾರ್ವರ್ಡ್ ಎಷ್ಟು ಹೊತ್ತು ತಾಳಿಯಾನು? ಒಂದು ಹೆಜ್ಜೆ ಮುಂದೆ ಬರುತ್ತಾನೆ. ಅವನ ಹಿಂದಿನ ಮಿಡ್‌ಫೀಲ್ಡರ್ ಕೂಡ ಬರುತ್ತಾನೆ. ಅವನು ಬಿಟ್ಟು ಬಂದ ಜಾಗಕ್ಕೆ ತಟ್ಟನೆ ಒಂದು ಪಾಸ್. ಅಲ್ಲಿಂದ ಒಂದೇ ಟಚ್‌ನಲ್ಲಿ ವಿಂಗಿಗೆ. ಈಗ ಎದುರು ಉಳಿದಿರುವುದು ನಾಲ್ಕೇ ಬ್ಯಾಕ್, ನುಗ್ಗುತ್ತಿರುವವರೂ ನಾಲ್ಕು. ಅರ್ಧ ನಿಮಿಷ ನಿಂತವನು ಕಾದದ್ದು ನೀವು ಕೇಳುವ ಆ ನೇರ ದಾಳಿಗೇ, ಮಾರಾಯ್ರೇ! ಆ ಸಲ ಬ್ರೈಟನ್ ಪ್ರೀಮಿಯರ್ ಲೀಗಿನಲ್ಲಿ ಆರನೆಯದಾಗಿ, ತನ್ನ ಚರಿತ್ರೆಯಲ್ಲೇ ಮೊದಲ ಸಲ ಯುರೋಪಿನ ಪಂದ್ಯಾಟಕ್ಕೆ ಹೋಯಿತು.

ಮುಂದೆ ಬರುವ ಎದುರಾಳಿ ಬರದೇ ಇದ್ದರೆ? ಅಲ್ಲೇ ಸಮಸ್ಯೆ. ಆಗಲೂ ಹಿಂದೆಯೇ ತಟ್ಟುತ್ತಾ ಕೂತರೆ ಅದು ಯಕ್ಷಗಾನದ ಚೌಕಿಯಲ್ಲೇ ಕುಣಿದು ಸುಸ್ತಾದ ವೇಷದವನ ಕಥೆ. ರಂಗಸ್ಥಳಕ್ಕೆ ಬಂದಾಗ ಕಾಲೇ ಏಳುವುದಿಲ್ಲ. ನಿಮ್ಮ ನಿದ್ದೆಗೆ ಕಾರಣ ಈ ಜಾತಿಯ ಆಟ. ಪಾಸಿಗಾಗಿ ಪಾಸ್ ಕೊಡುವುದು ತನಗೂ ಆಗದು ಎಂದು ಗಾರ್ಡಿಯೋಲಾ ಅವರೇ ಹೇಳಿದ್ದುಂಟು. 2021ರ ಫೆಬ್ರವರಿಯಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಅವರ ಮ್ಯಾಂಚೆಸ್ಟರ್ ಸಿಟಿ ತಂಡದ ಮೂರನೇ ಗೋಲು ಬಂದದ್ದು ಹೇಗೆ ಗೊತ್ತಾ? ಗೋಲಿ ಎಡರ್ಸನ್ ಎತ್ತಿ ಹೊಡೆದ, ಗುಂಡೊಗಾನ್ ಓಡಿ ಹಿಡಿದು ಗೋಲು ಹಾಕಿದ. ಒಂದೇ ಪಾಸ್. ಸೋದರಳಿಯನಿಗೆ ಇದನ್ನೂ ತೋರಿಸಿ.

ಇನ್ನು ನಮ್ಮ ಕಣ್ಣಿನ ವಿಷಯ. ನಮ್ಮ ಕಡೆಯವರು ಫುಟ್‌ಬಾಲ್ ನೋಡಿ ಬೆಳೆದದ್ದು ಸೆವೆನ್ಸ್‌ನಲ್ಲಿ. ತೃಕ್ಕರಿಪುರ, ಪಡನ್ನ, ಚೆರುವತ್ತೂರು ಕಡೆ ಹೋದರಂತೂ ಕೇಳುವುದೇ ಬೇಡ. ಕೊಯ್ಲು ಮುಗಿದ ಗದ್ದೆ, ಅಡಿಕೆ ಮರ ಕಟ್ಟಿದ ಗ್ಯಾಲರಿ, ಫ್ಲಡ್‌ಲೈಟು, ಮೈಕಿನಲ್ಲಿ ಗಂಟಲು ಹರಿಯುವ ಹಾಗೆ ಕಾಮೆಂಟರಿ. ತಂಡಕ್ಕೆ ಏಳೇ ಜನ, ಮೈದಾನ ಸಣ್ಣದು. ಎರಡು ಪಾಸ್ ಆಗುವುದರೊಳಗೆ ಚೆಂಡು ಗೋಲಿನ ಎದುರು ಇರುತ್ತದೆ. ಸೆಂಟರಿನಿಂದಲೇ ಶಾಟ್ ಹೊಡೆಯುವವರಿದ್ದಾರೆ. ಹಿಂದಕ್ಕೆ ಪಾಸ್ ಕೊಟ್ಟರೆ ಗ್ಯಾಲರಿಯಿಂದ ಬೈಗುಳ ಗ್ಯಾರಂಟಿ. ಈ ಕಣ್ಣಿನಲ್ಲಿ 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನದ ಹನ್ನೊಂದು ಜನರ ಆಟ ನೋಡಿದರೆ ಉದಾಸೀನ ಆಗುವುದು ಸಹಜ. ಅಲ್ಲಿ ಒಬ್ಬ ವಿಂಗರ್ ಒಂದು ಲಾಂಗ್ ಬಾಲಿಗೆ ಓಡಿ, ಸಿಗದೆ, ವಾಪಸ್ ತನ್ನ ಜಾಗಕ್ಕೆ ಬರಬೇಕಾದರೆ ನೂರು ಮೀಟರ್ ಆಯಿತು. ತೊಂಬತ್ತು ನಿಮಿಷ ಹೀಗೆ ಓಡಿಸಿದರೆ ಅವನ ಕಥೆ ಮುಗಿಯಿತು.

ತೃಕ್ಕರಿಪುರ ಎಂದಾಗ ನೆನಪಾಯಿತು. ನಿಮ್ಮ "ಕ್ರಾಸ್ ಬಂದರೆ ಹೆಡ್" ಎಂಬ ಮಾತಿಗೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಅಲ್ಲಿಯವರೇ ಆದ ಮೊಹಮ್ಮದ್ ರಫಿಯನ್ನು ಬ್ಲಾಸ್ಟರ್ಸ್ ಅಭಿಮಾನಿಗಳು ಹೆಡ್‌ಮಾಸ್ಟರ್ ಎಂದೇ ಕರೆಯುತ್ತಿದ್ದರು. 2016ರ ಐಎಸ್‌ಎಲ್ ಫೈನಲ್, ಕೊಚ್ಚಿ, 37ನೇ ನಿಮಿಷ. ಮೆಹ್ತಾಬ್ ಹುಸೇನ್ ಕಾರ್ನರ್, ರಫಿ ಹೆಡ್, ಗೋಲು. ಕೊನೆಗೆ ಪೆನಾಲ್ಟಿಯಲ್ಲಿ ಕೊಲ್ಕತ್ತಾ ಗೆದ್ದದ್ದು ಬೇರೆ ಮಾತು, ನಿಮಗೆ ಮತ್ತೆ ನೆನಪು ಮಾಡಿದ್ದಕ್ಕೆ ಬೇಸರ ಮಾಡಬೇಡಿ. ಆದರೆ ಗಮನಿಸಿ: ಅಲ್ಲಿ ರಫಿ, ಇಲ್ಲಿ ಭೇಕೆ. ಎರಡೂ ಕಾರ್ನರ್, ಆಟ ನಿಂತ ಮೇಲೆ ಸಿಕ್ಕಿದ ಅವಕಾಶ. ಮಾವನ ಆಟವೂ ಅಲ್ಲ, ಅಳಿಯನ ಆಟವೂ ಅಲ್ಲ.

2022ರಲ್ಲಿ ನಮ್ಮಲ್ಲಿ ಅರ್ಜೆಂಟೀನಾದ ಬಾವುಟ ಕಟ್ಟದ ಪೇಟೆ ಇರಲಿಲ್ಲವಷ್ಟೆ. ಆ ತಂಡದ ಎರಡು ಗೋಲು ಪಕ್ಕಪಕ್ಕ ಇಟ್ಟು ನೋಡಿ. ಒಂದು 2006ರ ವಿಶ್ವಕಪ್‌ನಲ್ಲಿ ಸರ್ಬಿಯಾ-ಮಾಂಟೆನೆಗ್ರೊ ವಿರುದ್ಧ. ಇಪ್ಪತ್ತಕ್ಕೂ ಹೆಚ್ಚು ಪಾಸ್, ಮೈದಾನ ಪೂರ್ತಿ ಸುತ್ತಾಡಿದ ಚೆಂಡು, ಕೊನೆಗೆ ಕ್ರೆಸ್ಪೊ ಹಿಮ್ಮಡಿಯಲ್ಲಿ ತಟ್ಟಿದ್ದು, ಕ್ಯಾಂಬಿಯಾಸೊ ಹೊಡೆದದ್ದು. ಇನ್ನೊಂದು 2022ರ ಫೈನಲ್‌ನ ಎರಡನೇ ಗೋಲು. ಫ್ರಾನ್ಸಿನ ಕೈತಪ್ಪಿದ ಚೆಂಡು ಮೆಸ್ಸಿಗೆ, ಮೆಸ್ಸಿಯ ಒಂದು ತಟ್ಟು ಆಲ್ವಾರೆಸ್‌ಗೆ, ಅಲ್ಲಿಂದ ಓಡುತ್ತಿದ್ದ ಮ್ಯಾಕ್ ಅಲಿಸ್ಟರ್‌ಗೆ, ಅಲ್ಲಿಂದ ಡಿ ಮರಿಯಾಗೆ. ಉಸಿರು ಬಿಡುವುದರೊಳಗೆ ಗೋಲು. ಎರಡರಲ್ಲೂ ಕೊನೆಯ ಮೂರು ಪಾಸಿನ ವೇಗ ನೋಡಿ. ಒಂದೇ. ಮೊದಲಿನದ್ದರಲ್ಲಿ ಆ ವೇಗಕ್ಕೆ ದಾರಿ ಹುಡುಕಬೇಕಾಯಿತು, ಎರಡನೆಯದರಲ್ಲಿ ಫ್ರಾನ್ಸ್ ತಾನೇ ದಾರಿ ಬಿಟ್ಟಿತ್ತು.

ಕ್ಲಬ್ಬಿನ ಮಕ್ಕಳ ವಿಷಯದಲ್ಲಿ ಮಾತ್ರ ನಾನು ಕೋಚ್ ಪಕ್ಷ. ಹತ್ತು-ಹನ್ನೆರಡು ವರ್ಷದವರು ಎತ್ತಿ ಹೊಡೆದರೆ ಉದ್ದ ಕಾಲಿನ ಒಬ್ಬ ಹುಡುಗ ಓಡಿ ಗೋಲು ಹಾಕುತ್ತಾನೆ. ಉಳಿದವರು ನಿಂತು ನೋಡುತ್ತಾರೆ. ಚೆಂಡು ಕಾಲಿಗೆ ತಾಗದೆ ಯಾರೂ ಆಟ ಕಲಿತಿಲ್ಲ. ಮೂರು ಗೋಲು ತಿಂದರೆ ತಿನ್ನಲಿ, ಆ ವಯಸ್ಸಿನಲ್ಲಿ ಕಪ್ ತಂದು ಯಾರಿಗೆ ಏನಾಗಬೇಕಿದೆ. ಆದರೆ ಕೋಚ್‌ಗೂ ಒಂದು ಮಾತು ಹೇಳಿ. ಮೈದಾನ ನೋಡಿ ಆಡಿಸಲಿ. ನಮ್ಮ ಮುರಕಲ್ಲಿನ ನೆಲದಲ್ಲಿ ನೆಲ ಹಿಡಿದು ಕೊಟ್ಟ ಪಾಸ್ ಒಂದು ಹರಳಿಗೆ ತಾಗಿದರೆ ಮೊಣಕಾಲಿಗೆ ಹಾರುತ್ತದೆ. ಜೂನ್ ಮಳೆಯಲ್ಲಿ ಅದೇ ಪಾಸ್ ಅರ್ಧ ದಾರಿಯಲ್ಲಿ ನೀರಿನಲ್ಲಿ ಕೂತುಬಿಡುತ್ತದೆ, ಅದೂ ನಮ್ಮ ಗೋಲಿನ ಎದುರಲ್ಲೇ. ಅಂಥ ದಿನ "ಎದುರಿನವ ಮೈಮೇಲೆ ಬಂದರೆ ಎತ್ತಿ ಹೊಡಿ, ನಾನು ಬೈಯುವುದಿಲ್ಲ" ಎಂದು ಮಕ್ಕಳಿಗೆ ಮೊದಲೇ ಹೇಳಬೇಕು. ಆ ಮೂರು ಗೋಲು ಎಲ್ಲಿ ಚೆಂಡು ಹೋಗಿ ಬಂದವು ಎಂದು ನೀವು ಬರೆದಿಲ್ಲ. ಮೂರೂ ಬಾಕ್ಸಿನ ಹತ್ತಿರ ಹೋದದ್ದಾದರೆ ಕೋಚ್ ಜೊತೆ ಕೂತು ಮಾತಾಡಿ, ಗ್ಯಾಲರಿಯಿಂದ ಕೂಗಬೇಡಿ.

ಯಾರು ಸರಿ ಎಂದು ಕೇಳಿದ್ದೀರಿ. ನನ್ನ ಓಟು ತಾಳ್ಮೆಯ ಆಟಕ್ಕೇ, ಅದರ ಕೊನೆಯಲ್ಲಿ ಓಟ ಇದ್ದರೆ ಮಾತ್ರ. ವಾದದಲ್ಲಿ ಸೋದರಳಿಯ ಸೋತಿದ್ದಾನೆ, ಆಯ್ಕೆಯಲ್ಲಿ ನೀವು ಸೋತಿದ್ದೀರಿ. ಇಬ್ಬರೂ ಈ ಪುಟ ಕತ್ತರಿಸಿ ಇಟ್ಟುಕೊಳ್ಳಬಹುದು.

ಪತ್ರದ ಜೊತೆ ಕಳಿಸಿದ ಕ್ಲಬ್ಬಿನ ಪಂದ್ಯಾಟದ ಪ್ರಕಟಣೆ ತಲುಪಿದೆ. ಅದರಲ್ಲಿ ಸ್ಥಳ ಇದೆ, ಬಹುಮಾನ ಇದೆ, ಉದ್ಘಾಟಕರು ಐವರಿದ್ದಾರೆ, ತಾರೀಕು ಮಾತ್ರ ಇಲ್ಲ. ಬೇಗ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂ.