ದುಃಖವನ್ನು ಮರೆತು ಕ್ರಿಸ್ತನಲ್ಲಿ ಸಂತೋಷವಾಗಿರುವುದು ಹೇಗೆ?

ತಾಯಿ ತೀರಿಕೊಂಡ ಮೇಲೆ ಚರ್ಚಿನಲ್ಲಿ ಬಾಯಿಬಿಟ್ಟು ಹಾಡಲಾಗುತ್ತಿಲ್ಲ, ವಿಶ್ವಾಸ ಗಟ್ಟಿಯಾಗಿದ್ದರೆ ಹೀಗೆ ಅಳುತ್ತಿದ್ದೆನೇ ಎಂದು ಕೇಳಿದ್ದೀರಿ. ನಾನೂ ಇದನ್ನೇ ಕೇಳಿಕೊಂಡು ವರ್ಷಗಳನ್ನು ಕಳೆದವನು.

ತೀರ್ಥಹಳ್ಳಿಯ ಬಳಿ ನಮಗೊಂದು ಸಣ್ಣ ಅಡಿಕೆ ತೋಟವಿದೆ. ಮುಂಗಾರು ಇನ್ನೇನು ಹಿಡಿಯಬೇಕು ಎನ್ನುವಾಗ ನನ್ನ ಹೆಂಡತಿ ತೀರಿಕೊಂಡಳು. ಕೊಳೆರೋಗ ಬಾರದಂತೆ ಮಳೆಗೆ ಮುಂಚೆ ಹೊಡೆಸಬೇಕಾದ ಬೋರ್ಡೋ ದ್ರಾವಣವನ್ನು ಹೊಡೆಸಲು ನನಗೆ ಮನಸ್ಸೇ ಬರಲಿಲ್ಲ. ಆಷಾಢದಲ್ಲಿ ಗೊನೆಗಳಿಗೆ ಕೊಳೆ ತಗುಲಿ, ಹಸಿ ಕಾಯಿಗಳು ಬಿಳಿ ಬೂಷ್ಟು ಹಿಡಿದು ಮರದ ಬುಡದಲ್ಲಿ ರಾಶಿರಾಶಿ ಉದುರಿದವು.

ಆ ನಷ್ಟ ತುಂಬಿಕೊಂಡಿತು. ತುಂಬಿಕೊಳ್ಳದೇ ಹೋದದ್ದು ನನ್ನ ಒಂದು ತಪ್ಪಿನ ಫಲ. ಬಲಿಪೂಜೆ ಮುಗಿದ ಮೇಲೆ ಯಾರು ವಿಚಾರಿಸಿದರೂ "ದೇವರ ದಯೆಯಿಂದ ಚೆನ್ನಾಗಿದ್ದೇವೆ" ಎನ್ನುತ್ತಿದ್ದೆ. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು ಸಂತ ಪೌಲರು ಥೆಸಲೋನಿಕದವರಿಗೆ ಬರೆದದ್ದನ್ನು ನಾನು ದುಃಖಿಸಲೇಬೇಡಿ ಎಂದು ಅರ್ಥ ಮಾಡಿಕೊಂಡಿದ್ದೆ. ಅತ್ತರೆ ಪುನರುತ್ಥಾನವನ್ನು ನಂಬದಂತಾಗುತ್ತದೆ ಎಂಬ ಭಯದಿಂದ ಮನೆಯಲ್ಲಿಯೂ ಅಳಲಿಲ್ಲ, ಅವಳ ಹೆಸರನ್ನೂ ಎತ್ತಲಿಲ್ಲ. ಹೈಸ್ಕೂಲಿನಲ್ಲಿದ್ದ ಮಗಳು ಇದನ್ನೆಲ್ಲ ನೋಡುತ್ತಿದ್ದಳು. ಮುಂದೆ ಓದಲು ಶಿವಮೊಗ್ಗದ ಹಾಸ್ಟೆಲಿಗೆ ಸೇರಿದವಳು ರಜೆಯಲ್ಲಿಯೂ ಊರಿಗೆ ಬರುವುದನ್ನು ಬಿಟ್ಟಳು. "ಅಪ್ಪಾ, ನಿಮಗೆ ಅಮ್ಮ ಬೇಕಾಗಿರಲಿಲ್ಲ ಅಂದುಕೊಂಡಿದ್ದೆ" ಎಂದು ಅವಳು ಹೇಳುವ ಹೊತ್ತಿಗೆ ತಂದೆ ಮಗಳು ಕೂಡಿ ಅಳಬಹುದಾಗಿದ್ದ ಕಾಲವೆಲ್ಲ ಕಳೆದುಹೋಗಿತ್ತು.

ನಮ್ಮ ಧರ್ಮಕೇಂದ್ರದ ಗುರುಗಳು ಒಮ್ಮೆ ಮನೆಗೆ ಬಂದವರು ಜಗಲಿಯಲ್ಲಿ ಕುಳಿತು ಎಂಬತ್ತೆಂಟನೆಯ ಕೀರ್ತನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಆ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಕೊನೆಗೂ ಒಂದು ಸಾಂತ್ವನದ ಮಾತಿಲ್ಲ. ಆದರೂ ಅದು ಪ್ರಾರ್ಥನೆಯೆಂದೇ ಬೈಬಲಿನಲ್ಲಿ ಉಳಿದಿದೆ. ಆ ಬಳಿಕ ಗ್ರಂಥವನ್ನು ನಾನು ಬೇರೆ ಕಣ್ಣಿನಿಂದ ಓದತೊಡಗಿದೆ. ಸತ್ತಿದ್ದ ಗೆಳೆಯ ಲಾಜರನನ್ನು ಎಬ್ಬಿಸಲೆಂದೇ ಬಂದಿದ್ದ ಯೇಸುಸ್ವಾಮಿ ಮೊದಲು ಕಣ್ಣೀರಿಟ್ಟರು. ಸದಾ ಆನಂದಿಸಿರಿ ಎಂದು ಸೆರೆಯಿಂದ ಫಿಲಿಪ್ಪಿಯವರಿಗೆ ಬರೆದ ಪೌಲರು, ಕಾಯಿಲೆ ಬಿದ್ದಿದ್ದ ಜೊತೆಸೇವಕ ಎಪಫ್ರೊದೀತನು ಸತ್ತಿದ್ದರೆ ತಮಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದು ಅದೇ ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಪ್ರವಾದಿ ಹಬಕ್ಕೂಕನು ಚಿಗುರದ ಅಂಜೂರ, ಹಣ್ಣಿಲ್ಲದ ದ್ರಾಕ್ಷಿ, ಬೆಳೆಯಿಲ್ಲದ ಹೊಲ, ಕುರಿಯಿಲ್ಲದ ಹಟ್ಟಿ ಎಂದು ಕಳೆದುಕೊಳ್ಳಬಹುದಾದದ್ದನ್ನೆಲ್ಲ ಒಂದೊಂದಾಗಿ ಎಣಿಸಿದ ಮೇಲೆಯೇ ದೇವರಲ್ಲಿ ಉಲ್ಲಾಸಿಸುವೆನೆನ್ನುತ್ತಾನೆ. ಆ ಸಾಲಿಗೆ ನಾನು ಕೊಳೆ ಬಂದ ನಮ್ಮ ತೋಟವನ್ನೂ ಸೇರಿಸಿಕೊಂಡು ಓದುತ್ತೇನೆ.

ಆದ್ದರಿಂದ ದುಃಖವನ್ನು ಮರೆಯುವುದು ಹೇಗೆ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ತಾಯಿ ಕ್ರಿಸ್ತನಲ್ಲಿ ಎದ್ದು ಬರುವರೆಂಬ ನಿರೀಕ್ಷೆಗೂ ಅವರಿಗಾಗಿ ಅಳುವುದಕ್ಕೂ ವಿರೋಧವಿಲ್ಲ. ಹಾಡಲಾಗದಿದ್ದರೆ ಸುಮ್ಮನೆ ನಿಲ್ಲಿ, ಉಳಿದವರು ನಿಮ್ಮ ಪರವಾಗಿ ಹಾಡುತ್ತಾರೆ. ಸಭೆ ಇರುವುದೇ ಅದಕ್ಕೆ. ದೇವರು ಒಳ್ಳೆಯದಕ್ಕೇ ಕರೆದುಕೊಂಡರು ಎಂದು ಅವಸರದಲ್ಲಿ ಸಮಾಧಾನ ಹೇಳುವವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಊಟ, ನಿದ್ರೆ ವಾರಗಟ್ಟಲೆ ಕೆಟ್ಟಿದ್ದರೆ ವೈದ್ಯರನ್ನು ಕಾಣಿ ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದು ವಿಶ್ವಾಸದ ಕೊರತೆಯಲ್ಲ. ಮನೆಯಲ್ಲಿ ತಂದೆ, ಒಡಹುಟ್ಟಿದವರು ಇದ್ದರೆ ಇವತ್ತಿನ ಊಟದ ಹೊತ್ತಿಗೇ ಅಮ್ಮನ ಮಾತನ್ನು ನೀವಾಗಿಯೇ ತೆಗೆಯಿರಿ.