ಬೇಬಿ ಬೆಂಜ್: ನೀವು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಮರ್ಸಿಡಿಸ್ ಅಂದ್ರೆ ದೊಡ್ಡ ಕಾರು. ಅಂಥವರು 1982ರಲ್ಲಿ 190 ಅನ್ನೋ ಚಿಕ್ಕ ಸೆಡಾನ್, ಅದೇ ಈ ಬೇಬಿ ಬೆಂಜ್, ಮಾಡಿದ್ದು ಯಾಕೆ? ಬಿಎಂಡಬ್ಲ್ಯು ನೋಡಿ ಕಾಪಿ ಹೊಡೆದರು ಅಂತ ನನ್ನ ಗೆಳೆಯ ವಾದ ಮಾಡ್ತಾನೆ.

ಉತ್ತರ: ನಿಮ್ಮ ಗೆಳೆಯ ಪೂರ್ತಿ ತಪ್ಪೇನಲ್ಲ. ಬಿಎಂಡಬ್ಲ್ಯು 3 ಸೀರೀಸ್ 1975ರಿಂದಲೇ ಮಾರುಕಟ್ಟೆಯಲ್ಲಿತ್ತು, ಚೆನ್ನಾಗಿ ಮಾರಾಟವಾಗುತ್ತಿತ್ತು. ಸ್ಟುಟ್‌ಗಾರ್ಟಿನ ಮರ್ಸಿಡಿಸ್‌ನವರು ಅದನ್ನು ನೋಡಿಕೊಂಡು ಸುಮ್ನೆ ಕೂರುತ್ತಾರಾ? ಆದರೆ ಅವರನ್ನು ನಿಜವಾಗಿ ಅವಸರಪಡಿಸಿದ್ದು ಅಮೆರಿಕ. 1973ರ ತೈಲ ಬಿಕ್ಕಟ್ಟಿನ ಬಿಸಿ ತಟ್ಟಿದ ಮೇಲೆ ಅಲ್ಲಿ 1975ರಲ್ಲಿ ಒಂದು ಕಾನೂನು ಬಂತು. ಒಂದೊಂದು ಕಾರಿನ ಮೈಲೇಜ್ ಅಲ್ಲ, ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಮೈಲೇಜ್ ಇಷ್ಟಿರಬೇಕು, ಇಲ್ಲದಿದ್ದರೆ ದಂಡ ಕಟ್ಟಿ ಅಂತ. ಬರೀ ದೊಡ್ಡ ಕಾರು ಮಾರುವವರ ಸರಾಸರಿ ಮೇಲೇರೋದು ಹೇಗೆ? ಕಮ್ಮಿ ಪೆಟ್ರೋಲ್ ಕುಡಿಯುವ ಕಾರು ಬೇಕೇ ಬೇಕಾಯಿತು.

ನನಗೆ ಇಷ್ಟವಾಗೋದು ಅವರು ಅದನ್ನು ಮಾಡಿದ ರೀತಿ. ಅಳತೆ ಕಮ್ಮಿ ಮಾಡಿದರು, ಕೆಲಸ ಕಮ್ಮಿ ಮಾಡಲಿಲ್ಲ. ಹಿಂದಿನ ಚಕ್ರ ನೋಡಿ. ಒಂದೊಂದು ಚಕ್ರವನ್ನೂ ಐದು ಬೇರೆ ಬೇರೆ ಲಿಂಕ್‌ಗಳು, ಅಂದ್ರೆ ಸಣ್ಣ ತೋಳುಗಳು, ಹಿಡಿದುಕೊಂಡಿವೆ, ಒಂದೊಂದು ಒಂದೊಂದು ಕಡೆಯಿಂದ. ಆ ಕಾಲದ ಎಷ್ಟೋ ಕಾರುಗಳಲ್ಲಿ ಚಕ್ರಕ್ಕೆ ಒಂದೇ ದಪ್ಪ ತೋಳು ಇರುತ್ತಿತ್ತು. ಚಕ್ರ ಮೇಲೆ ಕೆಳಗೆ ಆಡಿದ ಹಾಗೆ ಅದು ನಿಂತ ಕೋನವೂ ಬದಲಾಗುತ್ತಿತ್ತು, ತಿರುವಿನಲ್ಲಿ ಗಾಬರಿಯಾಗಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಾರಿನ ಹಿಂಭಾಗ ಹೊರಕ್ಕೆ ಜಾರುವ ಭಯ. ಐದು ಲಿಂಕ್ ಇದ್ದರೆ ಚಕ್ರ ನೆಲಕ್ಕೆ ಸರಿಯಾಗಿ ಕೂತಿರುತ್ತದೆ. ದುಬಾರಿ ವ್ಯವಸ್ಥೆ, ಅದನ್ನು ತಂದು ತಮ್ಮ ಅತಿ ಚಿಕ್ಕ ಕಾರಿಗೆ ಹಾಕಿದರು! ಇವತ್ತು ಇದೇ ಬಗೆಯ ಸಸ್ಪೆನ್ಷನ್ ಎಷ್ಟೋ ಕಾರುಗಳಲ್ಲಿದೆ.

ಕೊರತೆ ಇರಲಿಲ್ಲ ಅಂತಲ್ಲ. ಹಿಂದಿನ ಸೀಟು ಇಕ್ಕಟ್ಟು, ಉದ್ದ ಕಾಲಿನವರಿಗೆ ಮೊಣಕಾಲು ಇಡೋದೇ ಸಮಸ್ಯೆ.

ಪ್ರಶ್ನೆ: ಎಂಜಿನ್ ಎರಡು ಲೀಟರ್. ಹಾಗಿದ್ದರೆ ಹೆಸರು 200 ಆಗಬೇಕಿತ್ತು ಅಲ್ವಾ?

ಉತ್ತರ: ಆಗಬೇಕಿತ್ತು. ಆದರೆ 200 ಅನ್ನೋ ಹೆಸರು ಆಗಲೇ ಅವರದೇ ದೊಡ್ಡ ಕಾರಿನ ಮೇಲಿತ್ತು. ಅದಕ್ಕೆ ಒಂದು ಮೆಟ್ಟಿಲು ಇಳಿಸಿ 190 ಅಂದರು. 190ರಲ್ಲೂ 190ಇಯಲ್ಲೂ ಇದ್ದದ್ದು ಅದೇ 1997 ಸಿಸಿ ಎಂಜಿನ್. ಕಾರ್ಬ್ಯುರೇಟರ್ ಇದ್ದ 190ಕ್ಕೆ 90 ಅಶ್ವಶಕ್ತಿ, ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಇದ್ದ 190ಇಗೆ 122. ಹೆಸರಿನಲ್ಲಿರುವ 'ಇ' ಇಂಜೆಕ್ಷನ್ನಿನ ಜರ್ಮನ್ ಪದದಿಂದ ಬಂದದ್ದು.

ಪ್ರಶ್ನೆ: ಅದೇ ಹೊತ್ತಿಗೆ ಅಮೆರಿಕದ ಕ್ಯಾಡಿಲಾಕ್‌ನವರೂ ಚಿಕ್ಕ ಲಕ್ಷುರಿ ಕಾರು ಮಾಡಿದ್ದರಂತೆ. ಅದರ ಹೆಸರೇ ಯಾರೂ ಎತ್ತಲ್ಲ?

ಉತ್ತರ: ಸಿಮಾರನ್. ಎತ್ತುತ್ತಾರೆ, ಆದರೆ ನಗೋದಕ್ಕೆ. 1981ರಲ್ಲಿ ಬಂತು. ತಮ್ಮದೇ ಜನರಲ್ ಮೋಟರ್ಸ್ ಗುಂಪಿನ ಶೆವರ್ಲೆ ಕ್ಯಾವಲಿಯರ್ ಅನ್ನೋ ಸಾಮಾನ್ಯ ಕಾರಿಗೆ ಲೆದರ್ ಸೀಟು, ಬೇರೆ ಗ್ರಿಲ್ ಹಾಕಿ ಸುಮಾರು 12,000 ಡಾಲರ್ ಬೆಲೆ ಇಟ್ಟರು. ಮೊದಲ ವರ್ಷ ಒಳಗೆ ಇದ್ದದ್ದು 88 ಅಶ್ವಶಕ್ತಿಯ 1.8 ಲೀಟರ್ ಎಂಜಿನ್. ಬಾಗಿಲು ನೋಡಿದರೇ ಇದು ಯಾವ ಕಾರು ಅಂತ ಗೊತ್ತಾಗುತ್ತಿತ್ತು. ಜನ ಅಷ್ಟು ಪೆದ್ದರಲ್ಲ. 1988ಕ್ಕೆ ಕಥೆ ಮುಗಿಯಿತು. ಬೇಬಿ ಬೆಂಜ್ 1993ರವರೆಗೆ ನಡೆಯಿತು, 18 ಲಕ್ಷ 70 ಸಾವಿರಕ್ಕೂ ಜಾಸ್ತಿ ಕಾರುಗಳು ತಯಾರಾದವು.

ಪ್ರಶ್ನೆ: ಐರ್ಟನ್ ಸೆನ್ನಾ ಈ ಕಾರಲ್ಲಿ ರೇಸ್ ಗೆದ್ದಿದ್ದು ನಿಜವಾ?

ಉತ್ತರ: ನಿಜ. 1984ರ ಮೇ 12ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ ಹೊಸ ಟ್ರ್ಯಾಕ್ ಉದ್ಘಾಟನೆಗೆ ಮರ್ಸಿಡಿಸ್ ಒಂದು ರೇಸ್ ಇಟ್ಟಿತ್ತು. ಎಲ್ಲರಿಗೂ ಒಂದೇ ಬಗೆಯ ಕಾರು, 190ಇ 2.3-16, ಅಂದ್ರೆ 2.3 ಲೀಟರ್, 16 ವಾಲ್ವ್ ಎಂಜಿನ್ ಇದ್ದದ್ದು. ಹೆಸರು ಮಾಡಿದ ಹಲವು ಫಾರ್ಮುಲಾ ಒನ್ ಚಾಂಪಿಯನ್ನರು ಬಂದಿದ್ದರು. ಸೆನ್ನಾ ಆಗಿನ್ನೂ ಫಾರ್ಮುಲಾ ಒನ್‌ನಲ್ಲಿ ಮೊದಲ ವರ್ಷದ ಹುಡುಗ. ಗೆದ್ದವನು ಅವನೇ, ಆ ಚಾಂಪಿಯನ್ನರಲ್ಲೊಬ್ಬರಾದ ನಿಕಿ ಲೌಡಾ ಎರಡನೆಯವರು. ಕಾರು ಎಲ್ಲರದೂ ಒಂದೇ ಆದ್ದರಿಂದ ಸೋತವರಿಗೆ ಕಾರಿನ ಮೇಲೆ ತಪ್ಪು ಹಾಕುವ ದಾರಿಯೂ ಇರಲಿಲ್ಲ ಪಾಪ.

ಅದಕ್ಕೂ ಮುಂಚೆ, 1983ರ ಆಗಸ್ಟ್‌ನಲ್ಲಿ, ಇಟಲಿಯ ನಾರ್ಡೋ ಟ್ರ್ಯಾಕ್‌ನಲ್ಲಿ ಇದೇ 2.3-16 ಕಾರನ್ನು 50,000 ಕಿ.ಮೀ. ಓಡಿಸಿದ್ದರು. ಸರಾಸರಿ ವೇಗ ಗಂಟೆಗೆ ಸುಮಾರು 248 ಕಿ.ಮೀ. ಹಗಲು ರಾತ್ರಿ ಸೇರಿ ಎಂಟು ದಿನದ ಮೇಲಾಯಿತು. ಆ ಎಂಜಿನ್ನಿನ 16 ವಾಲ್ವ್ ಹೆಡ್, ಅಂದ್ರೆ ಮೇಲ್ಭಾಗ, ಇಂಗ್ಲೆಂಡಿನ ರೇಸ್ ಎಂಜಿನ್ ಕಂಪನಿ ಕಾಸ್‌ವರ್ತ್‌ನವರ ಕೆಲಸ. ಗೇರ್ ಹಾಕೋದೂ ವಿಚಿತ್ರ, ಒಂದನೇ ಗೇರ್ ಎಡಗಡೆ ಕೆಳಗೆ ಇತ್ತು. ಹೊಸಬರು ಸಿಗ್ನಲ್ ಬಿಟ್ಟ ತಕ್ಷಣ ಎಂದಿನ ಅಭ್ಯಾಸದಲ್ಲಿ ಲಿವರನ್ನು ಮುಂದಕ್ಕೆ ತಳ್ಳಿದರೆ ಎಡವಟ್ಟು ಗ್ಯಾರಂಟಿ.

ಪ್ರಶ್ನೆ: ಮರ್ಸಿಡಿಸ್‌ನ ಚಿಕ್ಕ ಸೆಡಾನ್ ಸಿಎಲ್‌ಎ ಇದರ ವಾರಸುದಾರ ಅನ್ನಬಹುದಾ?

ಉತ್ತರ: ಲೆಕ್ಕದ ಪ್ರಕಾರ 190ರ ಜಾಗಕ್ಕೆ ಬಂದದ್ದು 1993ರ ಸಿ ಕ್ಲಾಸ್. ಅದು ವರ್ಷ ಕಳೆದಂತೆ ದೊಡ್ಡದಾಗುತ್ತಾ ಹೋಯಿತು, ಕೆಳಗೆ ಖಾಲಿ ಉಳಿದ ಜಾಗಕ್ಕೆ 2013ರಲ್ಲಿ ಸಿಎಲ್‌ಎ ಬಂತು. ಚಂದದ ಕಾರು. ಆದರೆ 2013ರ ಆ ಸಿಎಲ್‌ಎ ಎ ಕ್ಲಾಸ್ ಹ್ಯಾಚ್‌ಬ್ಯಾಕ್ ಅಡಿಪಾಯದ ಮೇಲೆ ಕಟ್ಟಿದ್ದು, ಮುಂದಿನ ಚಕ್ರ ಎಳೆಯುವ ಕಾರಾಗಿತ್ತು. ನಾನಂತೂ ವಾರಸುದಾರ ಅನ್ನಲ್ಲ. ಹಿಂದಿನ ಸೀಟಿನ ಇಕ್ಕಟ್ಟು ಮಾತ್ರ ಹಾಗೇ ಬಳುವಳಿಯಾಗಿ ಬಂದಿತ್ತು.