ರಾತ್ರಿ ಊಟ ಬಿಡಿಸುವುದು ಬೇಡ

13 ವರ್ಷದ ಮಗನ ತೂಕ ಒಂದೇ ವರ್ಷದಲ್ಲಿ ಏರಿಬಿಟ್ಟಿದೆ, ರಾತ್ರಿ ಊಟ ಬಿಡಿಸಬಹುದೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಈ ವಯಸ್ಸಿನಲ್ಲಿ ಊಟ ಬಿಟ್ಟು ಡಯಟ್ ಮಾಡುವ ಮಕ್ಕಳಲ್ಲಿ ಆಮೇಲೆ ಒಮ್ಮೆಲೇ ಮಿತಿಮೀರಿ ತಿನ್ನುವ ಅಭ್ಯಾಸವೂ, ಅದರ ಜೊತೆ ತೂಕವೂ ಹೆಚ್ಚುವುದೇ ಜಾಸ್ತಿ.

ಮೊದಲು ಅದು ನಿಜಕ್ಕೂ ಬೊಜ್ಜೇ ಅಂತ ತಿಳಿದುಕೊಳ್ಳಿ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 25 ದಾಟಿದರೆ ತೂಕ ಹೆಚ್ಚು, 30 ದಾಟಿದರೆ ಬೊಜ್ಜು ಅನ್ನುವ ದೊಡ್ಡವರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಕ್ಕಳ ವೈದ್ಯರು ವಯಸ್ಸಿಗೆ ತಕ್ಕ ಬೆಳವಣಿಗೆ ಚಾರ್ಟ್ ನೋಡಿ ಹೇಳುತ್ತಾರೆ. ಹುಡುಗ ಇನ್ನೂ ಎತ್ತರ ಬೆಳೆಯುತ್ತಿದ್ದರೆ ಎಷ್ಟೋ ಸಲ ತೂಕ ಇಳಿಸುವುದೇ ಬೇಕಾಗುವುದಿಲ್ಲ, ಏರದಂತೆ ನೋಡಿಕೊಂಡರೆ ಆಯಿತು.

ನಾನಾದರೆ ಮೊದಲು ಕೈ ಹಾಕುವುದು ಕುಡಿಯುವ ಸಕ್ಕರೆಗೆ. 330 ಮಿಲಿಲೀಟರ್‌ನ ಒಂದು ಕೋಲಾ ಕ್ಯಾನ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ ಎಂಟು ಚಮಚಕ್ಕೂ ಮಿಕ್ಕಿ! ಅಷ್ಟು ಒಳಗೆ ಹೋದರೂ ಹೊಟ್ಟೆ ತುಂಬಿದ ಹಾಗಾಗುವುದಿಲ್ಲ, ಊಟವೇನೂ ಕಡಿಮೆಯಾಗುವುದಿಲ್ಲ. ಪ್ಯಾಕೆಟ್ ಜ್ಯೂಸೂ ಇದೇ ಜಾತಿ, ಹಣ್ಣನ್ನೇ ಕೊಡಿ. ಮನೆಗೆ ತರುವುದನ್ನೇ ನಿಲ್ಲಿಸಿ, ತಂದಿಟ್ಟು ಕಾವಲು ಕಾಯಬೇಡಿ.

ಆಮೇಲೆ ನಿದ್ದೆ. ಇದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ನಿದ್ದೆಗೆಟ್ಟ ಮರುದಿನ ಹಸಿವೂ ಹೆಚ್ಚು, ಸಿಹಿ-ಕರಿದದ್ದರ ಮೇಲಿನ ಆಸೆಯೂ ಹೆಚ್ಚು. ರಾತ್ರಿ ಫೋನ್ ಮಲಗುವ ಕೋಣೆಯ ಹೊರಗಿರಲಿ, ನಿಮ್ಮದೂ ಸೇರಿ. ದಿನಕ್ಕೆ 60 ನಿಮಿಷ ಮೈ ದಣಿಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವನಿಗೆ ಇಷ್ಟವಾದ ಯಾವ ಆಟವಾದರೂ ಸರಿ.

"ದಪ್ಪಗಾಗಿದ್ದೀಯ" ಅನ್ನುವ ಮಾತು ತಮಾಷೆಗೂ ಬೇಡ. ಕತ್ತಿನ ಹಿಂದಿನ ಚರ್ಮ ಕಪ್ಪಾಗಿ ಒರಟಾಗಿದ್ದರೆ, ಮಲಗಿದಾಗ ಜೋರು ಗೊರಕೆ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.